ಜಲಾಕರ್ಷಣೆ ಮತ್ತು ವಸ್ತುಮೋಹ

ನೀರನ್ನು ನೋಡುತ್ತ ಮೈಮರೆಯದವರು ವಿರಳ. ಆದರೆ ಕೆಲವರಿಗೆ ನೀರು, ವಿಶೇಷವಾಗಿ ನೀರಿನೊಳಗೆ ಮುಳುಗಿರುವ ಮನುಷ್ಯಾಕೃತಿಯ ಚಿತ್ರ, ಕಾಮೋದ್ದೀಪಕವೂ ಆಗುತ್ತದೆ. ಈ ಪ್ರವೃತ್ತಿಯನ್ನು ಪರಿಹಾಸ್ಯಕ್ಕಾಗಲಿ ಜುಗುಪ್ಸೆಗಾಗಲಿ ಗುರಿಮಾಡದೆ ಅರಿಯುವುದು ಹೇಗೆಂಬುದೇ ಇಲ್ಲಿಯ ವಿವೇಚನೆ.

'ಫೆಟಿಷ್' ಎಂಬ ಮಾತಿನ ಮೂಲ ಪೋರ್ಚುಗೀಸ್ ಭಾಷೆಯಲ್ಲಿದೆ. ಅಲ್ಲಿ ಅದಕ್ಕೆ ಮಾಟ, ಮಂತ್ರಿಸಿದ ವಸ್ತು ಎಂದರ್ಥ. 1760ರಲ್ಲಿ ಷಾರ್ಲ್ ದ ಬ್ರೋಸ್ ಇದನ್ನು ಧರ್ಮಗಳ ಅಧ್ಯಯನದಲ್ಲಿ ಬಳಸಿದನು. 1887ರಲ್ಲಿ ಫ್ರೆಂಚ್ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಬಿನೆ ಪ್ರಣಯಕ್ಕೆ ಅನ್ವಯಿಸಿದನು. ಪ್ರೇಮಿಸುವ ಪ್ರತಿಯೊಬ್ಬನಲ್ಲಿಯೂ ಅಲ್ಪಸ್ವಲ್ಪ ವಸ್ತುಮೋಹವಿರುತ್ತದೆ. ಅಂಶವೊಂದು ಪೂರ್ಣದ ಸ್ಥಾನವನ್ನೇ ಆಕ್ರಮಿಸಿದಾಗ ಅದು ವಿಕಾರವಾಗುತ್ತದೆ ಎಂಬುದು ಅವನ ಮತ. ಇದಕ್ಕೆ ಎಳೆವಯಸ್ಸಿನ ಆಕಸ್ಮಿಕ ಅನುಭವಗಳ ಸಾಹಚರ್ಯ ಕಾರಣವೆಂದು ಅವನು ಭಾವಿಸಿದನು.

ನೀರು ಇಂತಹ ಮೋಹಕ್ಕೆ ಒದಗಿಬರಲು ಅದರ ಭೌತಿಕ ಗುಣಗಳೂ ಸಹಾಯಕ. ಅಮೆರಿಕದ ಫ್ಲಾರಿಡಾದಲ್ಲಿರುವ ವೀಕಿ ವಾಚಿ ಎಂಬ ಚಿಲುಮೆಯನ್ನು ಇಲ್ಲಿ ನೆನೆಯಬಹುದು. 1947ರಲ್ಲಿ ನ್ಯೂಟನ್ ಪೆರಿ ಎಂಬಾತನು ಅಲ್ಲಿ ಮತ್ಸ್ಯಕನ್ಯೆಯರ ಪ್ರದರ್ಶನವನ್ನು ಆರಂಭಿಸಿದನು. ನಟಿಯರು ವಾಯುನಳಿಕೆಗಳಿಂದ ಆಗಾಗ ಉಸಿರೆಳೆದುಕೊಂಡು ನೀರಿನೊಳಗೇ ಅಭಿನಯಿಸುತ್ತಿದ್ದರು; ಪ್ರೇಕ್ಷಕರು ಗಾಜಿನಾಚೆ ಕುಳಿತು ನೋಡುತ್ತಿದ್ದರು. ಬೆಳಕಿನ ವಕ್ರೀಭವನದಿಂದ ನೀರಿನೊಳಗಿನ ಆಕೃತಿ ಇರುವುದಕ್ಕಿಂತ ಹತ್ತಿರವಾಗಿ ಕಾಣುತ್ತದೆ; ಪ್ಲವನಶಕ್ತಿಯಿಂದ ಕೂದಲೂ ವಸ್ತ್ರವೂ ಭಾರವಿಲ್ಲದಂತೆ ತೇಲುತ್ತವೆ. ಪರಿಚಿತ ದೇಹವೇ ಅಪೂರ್ವವಾಗಿ ತೋರುತ್ತದೆ. ಇದನ್ನು ಕಂಡು ಬೆರಗಾದವರೆಲ್ಲರೂ ವಸ್ತುಮೋಹಿಗಳಲ್ಲ. ಆದರೆ ಮೋಹವು ಬೇರೂರುವುದು ಇಂತಹ ಬೆರಗಿನ ನೆಲದಲ್ಲಿಯೇ ಎಂದು ಊಹಿಸಬಹುದು.

ಹಾಗಾದರೆ ಇದು ರೋಗವೇ? ಅಮೆರಿಕದ ಮನೋವೈದ್ಯ ಸಂಘವು 2013ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ, ಅಸಾಮಾನ್ಯ ಅಭಿರುಚಿ ತನ್ನಷ್ಟಕ್ಕೆ ರೋಗವಲ್ಲ. ಅದರಿಂದ ವ್ಯಕ್ತಿಗೆ ತೀವ್ರ ಯಾತನೆಯೋ ಜೀವನಕ್ಕೆ ಅಡ್ಡಿಯೋ ಪರರಿಗೆ ಹಾನಿಯೋ ಉಂಟಾದಾಗ ಮಾತ್ರ ಅದು ಚಿಕಿತ್ಸೆಯ ವಿಷಯ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣವು ವಸ್ತುಮೋಹವನ್ನು ಪ್ರತ್ಯೇಕ ರೋಗವೆಂದು ಎಣಿಸುವುದನ್ನೇ ಕೈಬಿಟ್ಟಿದೆ.

ನಿಜವಾದ ಅಪಾಯವಿರುವುದು ಉಸಿರಿನಲ್ಲಿ. ಉಸಿರಾಡಬೇಕೆಂಬ ತುಡಿತವನ್ನು ಮುಖ್ಯವಾಗಿ ಪ್ರೇರಿಸುವುದು ರಕ್ತದಲ್ಲಿ ಹೆಚ್ಚುವ ಇಂಗಾಲದ ಡೈಆಕ್ಸೈಡ್, ಆಮ್ಲಜನಕದ ಕೊರತೆಯಲ್ಲ. ಮುಳುಗುವ ಮುನ್ನ ವೇಗವಾಗಿ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಕುಗ್ಗುತ್ತದೆ. ತುಡಿತ ಹುಟ್ಟುವ ಮೊದಲೇ ಆಮ್ಲಜನಕ ತೀರಿ, ಮುನ್ಸೂಚನೆಯಿಲ್ಲದೆ ಪ್ರಜ್ಞೆ ತಪ್ಪಬಹುದು. ನುರಿತ ಈಜುಗಾರರೂ ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ.

ನಾಚಿಕೆಯಿಂದ ಗುಟ್ಟಾಗಿ, ಒಂಟಿಯಾಗಿ ನೀರಿಗಿಳಿಯುವವನಿಗೆ ಈ ಎಚ್ಚರಿಕೆಯನ್ನು ಹೇಳುವವರಿರುವುದಿಲ್ಲ. ಮುಳುಗಿದರೆ ಮೇಲೆತ್ತುವವರೂ ಇರುವುದಿಲ್ಲ. ಆದುದರಿಂದ ಅಧ್ಯಾಪಕರು ಈ ವಿಷಯವನ್ನು ಸಂಕೋಚವಿಲ್ಲದೆ ಬೋಧಿಸುವುದು ಅವಶ್ಯಕ.