ಕಾಂಗರೂಗಳ ಕಾಣದ ಗೆರೆ

ಡಿಸೆಂಬರ್ 26ರ ಬೆಳಿಗ್ಗೆ ಮೆಲ್ಬರ್ನ್‌ನ ರಿಚ್ಮಂಡ್ ಸ್ಟೇಷನ್ನಿನಲ್ಲಿ ಇಳಿದವರು ಕ್ರಿಕೆಟ್ ಮೈದಾನಕ್ಕೆ ದಾರಿ ಕೇಳಬೇಕಿಲ್ಲ. ಜನ ಹೊರಟ ಕಡೆ ಕಾಲು ಹಾಕಿದರೆ ಸಾಕು. ಹಿಂದಿನ ದಿನದ ಕ್ರಿಸ್‌ಮಸ್ ಊಟ ಇನ್ನೂ ಅರಗದ ಹೊಟ್ಟೆಗಳು, ಚಡ್ಡಿಗಳು, ಅಗಲ ಅಂಚಿನ ಟೋಪಿಗಳು. ಮೂಗು, ತುಟಿಗೆಲ್ಲ ಬಿಳಿ ಜಿಂಕ್ ಮುಲಾಮು ಬಳಿದುಕೊಂಡವರು ಯಕ್ಷಗಾನದ ಚೌಕಿಯಿಂದ ಅರ್ಧ ಬಣ್ಣಕ್ಕೇ ಎದ್ದುಬಂದವರ ಹಾಗಿರುತ್ತಾರೆ. ಲಕ್ಷ ಜನ ಹಿಡಿಸುವ ಮೈದಾನ ಅದು. ಬಾಕ್ಸಿಂಗ್ ಡೇ ಟೆಸ್ಟ್ ಎಂದರೆ ಅರ್ಧ ಊರೇ ಅಲ್ಲಿರುತ್ತದೆ.

ಒಳಗೆ ಬೇ 13 ಎಂಬ ಮೂಲೆಯನ್ನು ಹುಡುಕುವ ತೊಂದರೆಯಿಲ್ಲ, ಗದ್ದಲವೇ ಕರೆಯುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ದಪ್ಪ ಮೀಸೆಯ ಮರ್ವ್ ಹ್ಯೂಸ್ ಇದರೆದುರು ಫೀಲ್ಡಿಂಗಿಗೆ ನಿಂತು ಮೈ ಸಡಿಲಿಸಲು ಕೈಕಾಲು ಆಡಿಸಿದರೆ, ಹಿಂದೆ ಸಾವಿರಾರು ಜನ ಎದ್ದು ಅದೇ ಕಸರತ್ತು ಮಾಡುತ್ತಿದ್ದರು. ಈಗಿನವರ ಕಸುಬು ಬಿಯರ್ ಹಾವು. ಕುಡಿದು ಮುಗಿಸಿದ ಪ್ಲಾಸ್ಟಿಕ್ ಲೋಟಗಳನ್ನು ಒಂದರೊಳಗೊಂದು ತೂರಿಸುತ್ತ ಹೋಗುತ್ತಾರೆ. ಹತ್ತು ಲೋಟಕ್ಕೆ ಅದೊಂದು ಕೋಲು; ನೂರಕ್ಕೆ ಬಳುಕತೊಡಗುತ್ತದೆ; ಆಮೇಲೆ ತಲೆಗಳ ಮೇಲೆ ಸಾಲಿನಿಂದ ಸಾಲಿಗೆ ಹರಿಯುತ್ತದೆ. ತಳದಲ್ಲಿ ಉಳಿದ ಬಿಯರು ಕೆಳಗಿನವರ ಕುತ್ತಿಗೆಗೆ ಸೋರಿದರೂ ಯಾರದೂ ತಕರಾರಿಲ್ಲ. ಸೆಕ್ಯುರಿಟಿಯವರು ಬಂದು ಹಾವಿನ ಬಾಲಕ್ಕೆ ಕೈ ಹಾಕಿದರೆ ಮಾತ್ರ ಇಡೀ ಸ್ಟ್ಯಾಂಡು ಹುಯ್ಯಲಿಡುತ್ತದೆ. ಅಷ್ಟರಲ್ಲಿ ಅತ್ತ ಪಿಚ್ಚಿನಲ್ಲಿ ಒಂದು ವಿಕೆಟ್ ಬಿದ್ದಿರುತ್ತದೆ. ನೋಡಿದವರು ಯಾರು?

ಕೂಗುವುದಕ್ಕೆ ಅಲ್ಲಿ ಪರಂಪರೆಯೇ ಇದೆ. ಸಿಡ್ನಿಯ ಮೈದಾನದಲ್ಲಿ ‘ಯಬ್ಬಾ’ ಎಂಬ ಅಡ್ಡಹೆಸರಿನ ಸ್ಟೀಫನ್ ಗ್ಯಾಸ್ಕಾಯ್ನ್ ಅವರ ಕಂಚಿನ ಪ್ರತಿಮೆಯಿದೆ. ಆತ ಒಂದು ರನ್ ಹೊಡೆದವನಲ್ಲ. ಮೊಲದ ಮಾಂಸ ಮಾರಿಕೊಂಡು, ಪಂದ್ಯದ ದಿನ ಹುಲ್ಲುದಿಬ್ಬದ ಮೇಲೆ ಕೂತು ಆಟಗಾರರ ಕಾಲೆಳೆದವನು. 1932–33ರ ಬಾಡಿಲೈನ್ ಸರಣಿಯಲ್ಲಿ ಇಂಗ್ಲೆಂಡ್ ನಾಯಕ ಜಾರ್ಡಿನ್ ಮುಖದ ಮೇಲಿನ ನೊಣ ಓಡಿಸುತ್ತಿದ್ದಾಗ, ‘ನಿನಗೆ ಈ ದೇಶದಲ್ಲಿರುವ ಗೆಳೆಯರು ಅವಷ್ಟೇ, ಬಿಡು ಮಾರಾಯ’ ಎಂಬರ್ಥದಲ್ಲಿ ಕೂಗಿದನೆಂದು ಕಥೆ. ನಮ್ಮಲ್ಲಾದರೆ ಇಂಥವನಿಗೆ ಪ್ರತಿಮೆ ಇರಲಿ, ಪಾಸೂ ಸಿಗುತ್ತಿರಲಿಲ್ಲ.

ಆಸ್ಟ್ರೇಲಿಯನ್ನರ ಲೆಕ್ಕವೂ ತಲೆಕೆಳಗು. ಜಗತ್ತೆಲ್ಲ ‘222ಕ್ಕೆ 2’ ಎಂದರೆ ಅವರು ‘2ಕ್ಕೆ 222’ ಎನ್ನುತ್ತಾರೆ. ಕಾಮೆಂಟರಿಯಲ್ಲಿ ರಿಚಿ ಬೆನೋ ತಮ್ಮದೇ ರಾಗದಲ್ಲಿ ಆ ಅಂಕಿ ಹೇಳುತ್ತಿದ್ದುದು ಎಷ್ಟು ಪ್ರಿಯವೆಂದರೆ, ಸಿಡ್ನಿ ಟೆಸ್ಟಿಗೆ ನೂರಾರು ಜನ ಬೆಳ್ಳಿಕೂದಲಿನ ವಿಗ್, ಕೆನೆಬಣ್ಣದ ಕೋಟು, ಕೈಯಲ್ಲೊಂದು ಸುಳ್ಳು ಮೈಕು ಹಿಡಿದು ಬೆನೋಗಳಾಗಿಯೇ ಬರುತ್ತಾರೆ. ಇನ್ನು 87 ಅವರ ಪಾಲಿಗೆ ಅಪಶಕುನ, ನೂರಕ್ಕೆ ಹದಿಮೂರು ಕಡಿಮೆ ಎಂದು. ಆಗಿನ್ನೂ ಹುಡುಗನಾಗಿದ್ದ, ಮುಂದೆ ಟೆಸ್ಟ್ ಆಡಿದ ಕೀತ್ ಮಿಲ್ಲರ್, ಬ್ರಾಡ್ಮನ್ 87ಕ್ಕೆ ಔಟಾದದ್ದನ್ನು ಕಣ್ಣಾರೆ ಕಂಡಾಗಿನಿಂದ ಈ ನಂಬಿಕೆ ಬೆಳೆಯಿತಂತೆ. ಬಹಳ ವರ್ಷದ ಮೇಲೆ ದಾಖಲೆ ತೆಗೆದು ನೋಡಿದರೆ ಬ್ರಾಡ್ಮನ್ ಔಟಾದದ್ದು 89ಕ್ಕೆ! ಆದರೂ ಯಾರೂ ಶಕುನ ಬದಲಿಸಲಿಲ್ಲ.

ಆಟಗಾರರ ವಿಷಯಕ್ಕೆ ಬಂದರೆ ಅವರದೊಂದು ‘ಗೆರೆ’ ಇದೆ. ನಾವು ಗಟ್ಟಿಯಾಗಿ ಆಡುತ್ತೇವೆ, ಗೆರೆ ದಾಟುವುದಿಲ್ಲ ಎನ್ನುತ್ತಾರೆ. ಆ ಗೆರೆ ಎಲ್ಲಿದೆಯೆಂದು ಎದುರಾಳಿಗೆ ಕಾಣುವುದಿಲ್ಲ. ಬೆಳಿಗ್ಗೆ ಇದ್ದಲ್ಲಿ ಸಂಜೆ ಇರುವುದಿಲ್ಲ. 1979ರಲ್ಲಿ ಪರ್ತ್‌ನಲ್ಲಿ ಡೆನಿಸ್ ಲಿಲ್ಲಿ ಅಲ್ಯೂಮಿನಿಯಂ ಬ್ಯಾಟು ಹಿಡಿದು ಬಂದರು. ಮರದ್ದೇ ಆಗಬೇಕೆಂದು ನಿಯಮದಲ್ಲಿ ಎಲ್ಲಿ ಬರೆದಿತ್ತು? ಚೆಂಡು ಹಾಳಾಗುತ್ತದೆಂದು ಇಂಗ್ಲೆಂಡಿನವರಿಗೆ ಚಿಂತೆ. ಮರದ ಬ್ಯಾಟಾಗಿದ್ದರೆ ಮೂರು ರನ್ ಹೋದದ್ದು ನಾಲ್ಕಾಗುತ್ತಿತ್ತೆಂದು ಸ್ವಂತ ನಾಯಕ ಗ್ರೆಗ್ ಚಾಪೆಲ್‌ಗೆ ಚಿಂತೆ. ಕೊನೆಗೆ ಲಿಲ್ಲಿ ಸಿಟ್ಟಿನಿಂದ ಆ ತಗಡನ್ನು ದೂರಕ್ಕೆ ಬೀಸಿ ಎಸೆದರು. 1981ರ ಫೆಬ್ರವರಿ 1ರಂದು ಮೆಲ್ಬರ್ನ್‌ನಲ್ಲಿ, ಪಂದ್ಯ ಟೈ ಮಾಡಲು ನ್ಯೂಜಿಲೆಂಡ್‌ಗೆ ಕೊನೆಯ ಚೆಂಡಿಗೆ ಸಿಕ್ಸರ್ ಬೇಕಿತ್ತು. ಇದೇ ಗ್ರೆಗ್ ತಮ್ಮ ಟ್ರೆವರ್ ಕೈಯಲ್ಲಿ ಚೆಂಡನ್ನು ನೆಲದ ಮೇಲೆ ಉರುಳಿಸಿದರು. ಕಾಮೆಂಟರಿ ಹೇಳುತ್ತಿದ್ದ ದೊಡ್ಡಣ್ಣ ಇಯಾನ್‌ಗೇ ಅದು ಸರಿಬರಲಿಲ್ಲ. ಎರಡೂ ಸಲ ಆಟಗಾರರು ನಿಯಮ ಮುರಿದಿರಲಿಲ್ಲ. ಎರಡೂ ಸಲ ಬದಲಾದದ್ದು ನಿಯಮ.

2018ರ ಕೇಪ್‌ಟೌನಿನಲ್ಲಿ ಮಾತ್ರ ಆ ನೆಪವೂ ಉಳಿಯಲಿಲ್ಲ. ಚೆಂಡು ಉಜ್ಜಿದ ಹಳದಿ ಮರಳುಕಾಗದ ಬ್ಯಾಂಕ್ರಾಫ್ಟ್ ಪ್ಯಾಂಟಿನೊಳಗೆ ಇಳಿಯುವುದನ್ನು ಕ್ಯಾಮೆರಾ ತೋರಿಸಿಬಿಟ್ಟಿತು. ನಾಯಕ ಸ್ಮಿತ್, ಉಪನಾಯಕ ವಾರ್ನರ್ ಇಬ್ಬರೂ ಒಂದು ವರ್ಷ ದೇಶದ ತಂಡದಿಂದ ಹೊರಗೆ ಕೂತರು. ಸ್ವಂತ ಬೂಟಿನ ಲೇಸು ಕಣ್ಣಿಗೆ ಬಿದ್ದರೆ ಗಮನ ಕೆಡುತ್ತದೆಂದು ಅದನ್ನು ಟೇಪು ಸುತ್ತಿ ಮುಚ್ಚುವಷ್ಟು ಸೂಕ್ಷ್ಮದ ಮನುಷ್ಯ ಸ್ಮಿತ್. ಇದು ಕಣ್ಣಿಗೆ ಬೀಳಲಿಲ್ಲವೇ ಎಂದು ನಾವೆಲ್ಲ ಕೇಳಿದೆವು.

ನಮ್ಮ ಕನ್ನಡಿಗರಿಗೂ ಆ ಗೆರೆಯ ಎರಡೂ ಬದಿ ಗೊತ್ತು. 2008ರ ಸಿಡ್ನಿ ಟೆಸ್ಟ್ ಮುಗಿದ ಮೇಲೆ, ಆಟದ ಮನೋಧರ್ಮಕ್ಕೆ ತಕ್ಕಂತೆ ಆಡಿದ್ದು ಒಂದೇ ತಂಡ ಎಂದು ಅನಿಲ್ ಕುಂಬ್ಳೆ ದನಿಯೇರಿಸದೆ ಹೇಳಿದರು. ಅದಕ್ಕೂ ಮುನ್ನ, 2003ರ ಅಡಿಲೇಡಿನಲ್ಲಿ 233 ಮತ್ತು ಔಟಾಗದೆ 72 ಹೊಡೆದ ರಾಹುಲ್ ದ್ರಾವಿಡ್ ಗೆಲುವಿನ ಬೌಂಡರಿ ಬಾರಿಸಿದಾಗ, ಆ ಚೆಂಡನ್ನು ಬೌಂಡರಿಯಾಚೆಯಿಂದ ಎತ್ತಿ ತಂದು ದ್ರಾವಿಡ್ ಕೈಗೆ ಕೊಟ್ಟವರು ಸೋತ ನಾಯಕ ಸ್ಟೀವ್ ವಾ. ಎದುರಾಳಿಯ ಮನಸ್ಸು ಕುಸಿಯುವಂತೆ ಮಾಡುವುದನ್ನೇ ಒಂದು ವಿದ್ಯೆ ಮಾಡಿಕೊಂಡಿದ್ದ ಅದೇ ವಾ!

ಅವರ ಬಾಯಿ ಅವರಿಗೇ ಮುಳುವಾದ ದಿನಗಳು ಅಭಿಮಾನಿಗೆ ಹಬ್ಬ. 2021ರಲ್ಲಿ ಸಿಡ್ನಿಯಲ್ಲಿ ಅಶ್ವಿನ್ ಔಟಾಗದೆ ಕಾಡಿದಾಗ, ‘ಗಾಬಾಕ್ಕೆ ಬನ್ನಿ, ನೋಡಿಕೊಳ್ಳುತ್ತೇವೆ’ ಎಂಬ ಧಾಟಿಯಲ್ಲಿ ನಾಯಕ ಟಿಮ್ ಪೇನ್ ಗೊಣಗಿದ್ದು ಸ್ಟಂಪ್ ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು. ನಮ್ಮವರು ಬ್ರಿಸ್ಬೇನಿನ ಆ ಗಾಬಾ ಮೈದಾನಕ್ಕೆ ಹೋದರು. 1988ರಿಂದ ಅಲ್ಲಿ ಸೋಲನ್ನೇ ಕಾಣದ ಆಸ್ಟ್ರೇಲಿಯಾ, ಪಂತ್ ಹೊಡೆದ 89ರ ಮುಂದೆ ಮೂರು ವಿಕೆಟ್‌ಗಳಿಂದ ಸೋತಿತು.

ಹಾಗೆಂದು ಇವರಿಲ್ಲದ ಕ್ರಿಕೆಟ್ ನನಗಂತೂ ಬೇಡ. 2024ರಲ್ಲಿ ಹತ್ತೊಂಬತ್ತರ ಹುಡುಗ ಕೊನ್‌ಸ್ಟಾಸ್ ಮೊದಲ ಟೆಸ್ಟಿನ ಮೊದಲ ಬೆಳಿಗ್ಗೆಯೇ ಬುಮ್ರಾನನ್ನು ತಲೆಕೆಳಗಾದ ಬ್ಯಾಟಿನಿಂದ ಹಿಂದಕ್ಕೆ ಎತ್ತಿ ಸಿಕ್ಸರ್ ಹೊಡೆದದ್ದು ಇದೇ ಮೆಲ್ಬರ್ನ್‌ನಲ್ಲಿ. ಆ ಟೆಸ್ಟನ್ನು ಐದು ದಿನದಲ್ಲಿ ನೋಡಿದವರು 3,73,691 ಮಂದಿ. ಮುಂದಿನ ಡಿಸೆಂಬರ್ 26ರಂದು ಬೆಳಗಿನ ಜಾವ ಐದಕ್ಕೆ ನೀವೂ ಎದ್ದು ಟಿವಿ ಹಾಕಿ. ಓವರುಗಳ ನಡುವೆ ಕ್ಯಾಮೆರಾ ಗ್ಯಾಲರಿಯತ್ತ ತಿರುಗಿತೆಂದು ಕಾಫಿಗೆ ಮಾತ್ರ ಏಳಬೇಡಿ.