ಓಂ ಎಂದವನಿಗೂ ದಕ್ಷಿಣೆ

ರಾಜಸೂಯದಲ್ಲಿ ಅಭಿಷೇಕ ಮುಗಿದ ಮೇಲೆ ರಾಜನಿಗೊಂದು ಕತೆ ಹೇಳಬೇಕು. ಹೆತ್ತಪ್ಪನೇ ನೂರು ಹಸುವಿಗೆ ಮಾರಿದ, ಬಲಿಗೆಂದು ಯೂಪದ ಕಂಬಕ್ಕೆ ಕಟ್ಟಿಸಿಕೊಂಡ, ಕೊನೆಗೆ ದೇವತೆಗಳನ್ನು ಸ್ತುತಿಸಿ ಪಾರಾದ ಶುನಃಶೇಪನ ಕತೆ ಅದು. ಹೇಳುವವನು ಹೋತೃ, ಕೂರುವುದು ಚಿನ್ನದ ಆಸನದಲ್ಲಿ. ಇನ್ನೊಂದು ಚಿನ್ನದ ಆಸನ ಅಧ್ವರ್ಯುವಿಗೆ. ಅವನ ಕೆಲಸ ಹ್ಞೂಂಗುಟ್ಟುವುದು. ಅಜ್ಜಿ ಕತೆ ಹೇಳುವಾಗ ಮೊಮ್ಮಕ್ಕಳು ಹ್ಞೂಂಗುಡದಿದ್ದರೆ ಕತೆ ಮುಂದೆ ಹೋಗದಲ್ಲ, ಹಾಗೆ. ಆದರೆ ಯಜ್ಞದಲ್ಲಿ ಹ್ಞೂಂಗೂ ಕಟ್ಟುಪಾಡಿದೆ. ಋಕ್ಕಿಗೆ ‘ಓಂ’ ಅನ್ನಬೇಕು, ಗಾಥೆಗೆ ‘ತಥಾ’ ಅನ್ನಬೇಕು. ಮೊದಲನೆಯದು ದೇವತೆಗಳ ಒಪ್ಪಿಗೆಮಾತು, ಎರಡನೆಯದು ಮನುಷ್ಯರದು ಎನ್ನುತ್ತದೆ ಐತರೇಯ ಬ್ರಾಹ್ಮಣ. ದಕ್ಷಿಣೆಯನ್ನೂ ಅದೇ ಗೊತ್ತುಮಾಡಿದೆ: ಕತೆ ಹೇಳಿದವನಿಗೆ ಸಾವಿರ, ಓಂ ಎಂದವನಿಗೆ ನೂರು. ಕೂತ ಆಸನವೂ ಅವರವರಿಗೇ.

ಕಾರಿನ ಗಾಜು, ಮದುವೆಯ ಕರೆಯೋಲೆ, ಯೋಗ ತರಗತಿಯ ಬ್ಯಾನರು ಎಲ್ಲೆಲ್ಲೂ ನೆಲೆಸಿರುವ ಓಂಕಾರದ ಜಾಡು ಹಿಡಿದು ಹಿಂದೆ ಹೋದರೆ ಸಿಗುವುದು ಯಜ್ಞಶಾಲೆಯ ಈ ಚಾಕರಿಯೇ. ಋಗ್ವೇದ ಸಂಹಿತೆಯ 1028 ಸೂಕ್ತಗಳಲ್ಲಿ ಓಂ ಎಂಬ ಪದವಿಲ್ಲ. ಗಾಯತ್ರಿ ಮಂತ್ರ ಅಲ್ಲಿಯದೇ, ಮೂರನೆಯ ಮಂಡಲದ್ದು. ಅದರ ಮುಂದೆ ನಾವು ಸೇರಿಸಿ ಜಪಿಸುವ ಓಂಕಾರ, ವ್ಯಾಹೃತಿಗಳು ಸೂಕ್ತದ ಪಾಠದಲ್ಲಿಲ್ಲ. ಋಕ್ಕನ್ನು ಯಜ್ಞಕ್ಕೆ ಒಯ್ದು, ಹೇಳುವವನೊಬ್ಬ, ಹಾಡುವವನೊಬ್ಬ, ಒಪ್ಪುವವನೊಬ್ಬ ಎಂದು ಕೆಲಸ ಹಂಚಿದಾಗ ಓಂ ಬೇಕಾಯಿತು.

ಆ ಕೆಲಸ ಎಷ್ಟು ಕರಾರುವಾಕ್ಕಾಗಿತ್ತೆಂದರೆ ಪಾಣಿನಿ ಅದಕ್ಕೆ ಸೂತ್ರವನ್ನೇ ಬರೆದ. ಯಜ್ಞದಲ್ಲಿ ಋಕ್ಕು ಹೇಳುವಾಗ ಅದರ ಕೊನೆಯ ಸ್ವರ ತೆಗೆದು ಆ ಜಾಗದಲ್ಲಿ ಪ್ರಣವವನ್ನು, ಅಂದರೆ ಓಂಕಾರವನ್ನು, ಕೂಡಿಸಬೇಕು. ‘ಜಿನ್ವತಿ’ ಎಂದು ಮುಗಿಯುವ ಋಕ್ಕು ‘ಜಿನ್ವತೋಂ’ ಆಗುತ್ತದೆ. ಇನ್ನೊಂದು ಸೂತ್ರದ ಪ್ರಕಾರ ಪಾಠದ ಆರಂಭದ ಓಂಕಾರ ಪ್ಲುತ, ಅಂದರೆ ಮೂರು ಮಾತ್ರೆಯಷ್ಟು ಎಳೆತ. ಆರ್ಯಸಮಾಜದವರು ಓ ಮತ್ತು ಮ್ ನಡುವೆ ಬರೆಯುವ 3 ಎಂಬ ಅಂಕಿ ಈ ಎಳೆತದ ಲೆಕ್ಕ, ಅಲಂಕಾರವಲ್ಲ.

ಯಜ್ಞದ ಹೊರಗೂ ಓಂ ಎಂದರೆ ‘ಆಗಲಿ’, ‘ಸರಿ’. ಜನಕನ ಸಭೆಯಲ್ಲಿ ದೇವತೆಗಳೆಷ್ಟು ಎಂದು ಶಾಕಲ್ಯ ಕೇಳುತ್ತಾನೆ. ಯಾಜ್ಞವಲ್ಕ್ಯ ಮೊದಲು 3306 ಎನ್ನುತ್ತಾನೆ. ‘ಓಂ’ ಎಂದು ಒಪ್ಪಿಕೊಂಡು ಶಾಕಲ್ಯ ಮತ್ತೆ ಅದೇ ಪ್ರಶ್ನೆ ಹಾಕುತ್ತಾನೆ. ಮೂವತ್ತಮೂರು, ಆರು, ಮೂರು, ಎರಡು, ಒಂದೂವರೆ, ಕೊನೆಗೆ ಒಂದು. ಪ್ರತಿ ಉತ್ತರಕ್ಕೂ ಓಂ ಎನ್ನುತ್ತಾನೆ, ಪಟ್ಟು ಮಾತ್ರ ಬಿಡುವುದಿಲ್ಲ. ಛಾಂದೋಗ್ಯವಂತೂ ಇದು ಅನುಜ್ಞಾಕ್ಷರ, ಯಾವುದಕ್ಕಾದರೂ ಒಪ್ಪಿದಾಗ ಜನ ಓಂ ಅನ್ನುತ್ತಾರೆ ಎಂದು ನೇರವಾಗಿಯೇ ಹೇಳುತ್ತದೆ. ಅದೇ ಉಪನಿಷತ್ತು ಸಾಮಗಾನದ ಉದ್ಗೀಥವೇ ಓಂ, ಎಲ್ಲ ರಸಗಳ ರಸ ಅದು ಎಂದು ಮುಗಿಲಿಗೂ ಏರಿಸುತ್ತದೆ. ಏರಿಸಿದ ಅಧ್ಯಾಯದಲ್ಲೇ ನಾಯಿಗಳ ಕತೆಯೊಂದಿದೆ. ಹಸಿದ ನಾಯಿಗಳು ಋತ್ವಿಜರಂತೆ ಒಂದರ ಹಿಂದೊಂದು ಸಾಲಾಗಿ ಬಂದು, ಕೂತು, ಓಂಕಾರ ಹಚ್ಚಿ ಉಣ್ಣೋಣ, ಕುಡಿಯೋಣ ಎಂದು ಹಾಡುತ್ತವೆ. ಅಣಕವೋ ಉಪಾಸನೆಯೋ, ಪಂಡಿತರ ಚರ್ಚೆ ಮುಗಿದಿಲ್ಲ. ನನಗಂತೂ ಅಣಕದ ವಾಸನೆಯೇ ಹೊಡೆಯುತ್ತದೆ.

ಓಂಕಾರವನ್ನು ಬಿಡಿಸಿ ನೋಡುವುದು ಬ್ರಾಹ್ಮಣಗಳ ಕಾಲಕ್ಕೇ ಶುರುವಾಗಿತ್ತು. ಭೂಃ, ಭುವಃ, ಸ್ವಃ ಎಂಬ ಮೂರು ವ್ಯಾಹೃತಿಗಳನ್ನು ಕಾಯಿಸಿದಾಗ ಅ, ಉ, ಮ ಹೊರಬಂದವು, ಕೂಡಿಸಿದಾಗ ಓಂ ಆಯಿತು ಎಂದು ಐತರೇಯವೇ ಹೇಳಿದೆ. ಸಂಧಿ ಬಲ್ಲವರಿಗೆ ಗುಟ್ಟು ಹೊಳೆಯುತ್ತದೆ: ಅ, ಉ ಸೇರಿದರೆ ಗುಣಸಂಧಿಯಲ್ಲಿ ಓ. ಈ ವ್ಯಾಕರಣದ ಮೇಲೆ ಬರೀ ಹನ್ನೆರಡು ಮಂತ್ರಗಳ ಮಾಂಡೂಕ್ಯ ಇಡೀ ತತ್ತ್ವವನ್ನೇ ಕಟ್ಟಿತು. ಅ ಎಚ್ಚರ, ಉ ಕನಸು, ಮ ಗಾಢನಿದ್ರೆ. ಮಾತ್ರೆಯೇ ಇಲ್ಲದ ನಾಲ್ಕನೆಯದು ತುರೀಯ. ಗೌಡಪಾದರು ಇದಕ್ಕೆ ಕಾರಿಕೆ ಬರೆದರು, ಶಂಕರರ ಹೆಸರಿನ ಭಾಷ್ಯ ಬಂತು. ಅಲ್ಲಿಂದೀಚೆಗೆ ಓಂ ಎಂದರೇನು ಎಂದು ಯಾರನ್ನು ಕೇಳಿದರೂ ಅ-ಉ-ಮ ಪಾಠವೇ ಸಿಗುತ್ತದೆ. ಹ್ಞೂಂ ಎಂಬ ಅರ್ಥ ಅದರಡಿ ಹೂತುಹೋಯಿತು.

ಹೀಗೆ ಬಿಡಿಸುವ ಕಲೆ ಗೊತ್ತಾದ ಮೇಲೆ ಓಂ ಯಾರ ಸ್ವತ್ತಾಗಿಯೂ ಉಳಿಯಲಿಲ್ಲ. ಜೈನರು ಅದರಲ್ಲಿ ಅರಿಹಂತ, ಅಶರೀರಿ (ಸಿದ್ಧ), ಆಚಾರ್ಯ, ಉಪಾಧ್ಯಾಯ, ಮುನಿ ಎಂಬ ಪಂಚಪರಮೇಷ್ಠಿಗಳ ಮೊದಲಕ್ಷರಗಳನ್ನು ಕಂಡರು. ಸಿಖ್ಖರ ‘ಇಕ್ ಓಂಕಾರ್’ ಒಂದೆಂಬ ಅಂಕಿಯನ್ನು ಅದರ ಮುಂದಿಟ್ಟಿತು. ವೀರಶೈವರಲ್ಲಿ ಪಂಚಾಕ್ಷರಿಗೆ ಓಂ ಸೇರಿ ಷಡಕ್ಷರಿ. ಕನ್ನಡ ಲಿಪಿಯಲ್ಲಿ ಅದಕ್ಕೆ ಬೇರೆ ಚಿಹ್ನೆಯನ್ನೂ ಮಾಡಿಕೊಳ್ಳಲಿಲ್ಲ. ಓ ಬರೆದು ಪಕ್ಕಕ್ಕೊಂದು ಸೊನ್ನೆ ಇಟ್ಟರೆ ಮುಗಿಯಿತು. ಗೋಕರ್ಣದ ಓಂ ಬೀಚಿನ ದಡದಲ್ಲಿ ಜನ ಗುರುತಿಸುವುದು ನಾಗರಿಯ ಆಕಾರವನ್ನು, ನಮ್ಮದನ್ನಲ್ಲ.

ಹಳೆಯ ಅರ್ಥ ಬದುಕಿರುವ ಜಾಗ ದೂರವೇನಿಲ್ಲ. ಮದುವೆ, ಗೃಹಪ್ರವೇಶಕ್ಕೆ ಮೊದಲು ಪುಣ್ಯಾಹವಾಚನ ನಡೆಯುತ್ತದೆ. ಇದು ಪುಣ್ಯದಿನವೆಂದು ತಾವು ಹೇಳಬೇಕು ಎಂದು ಯಜಮಾನ ಕೇಳುತ್ತಾನೆ, ಕೂತ ಪುರೋಹಿತರು ‘ಓಂ ಪುಣ್ಯಾಹಂ’ ಎನ್ನುತ್ತಾರೆ. ಮೂರು ಸಲ ಕೇಳಿದರೆ ಮೂರು ಸಲವೂ ಓಂ. ‘ಹೌದಪ್ಪ, ಒಳ್ಳೆಯ ದಿನ’ ಎಂದಷ್ಟೇ ಅದರ ತಾತ್ಪರ್ಯ. ಅಲ್ಲಿ ಯಾರಾದರೂ ತುರೀಯದ ವ್ಯಾಖ್ಯಾನಕ್ಕೆ ಇಳಿದರೆ ಮುಹೂರ್ತ ಮೀರೀತು.