ಬೀಗ ಬಿದ್ದ ಮನೆಗಳ ಬೆನ್ನು ಹತ್ತಿ

ಎರಡು ವರ್ಷದ ಹಿಂದಿನ ಮಾತು. ಮಳೆಗಾಲದ ಒಂದು ಭಾನುವಾರ ಕುದುರೆಮುಖ ಟೌನ್‌ಶಿಪ್‌ನ ಪಾಳುಬಿದ್ದ ಕ್ವಾರ್ಟರ್ಸ್ ಸಾಲೊಂದರ ಫೋಟೋ ಇನ್‌ಸ್ಟಾಗ್ರಾಂಗೆ ಹಾಕಿದ್ದೆ. ಮಂಜು, ಪಾಚಿಗಟ್ಟಿದ ಗೋಡೆ, ಒಡೆದ ಕಿಟಕಿಯಿಂದ ಹೊರಗೆ ಇಣುಕುವ ಗಿಡ. ಕೆಳಗೆ ‘ಮಲೆನಾಡಿನ ಭೂತನಗರಿ’ ಅಂತ ಬರೆದೆ. ಸಂಜೆಯೊಳಗೆ ಲೈಕು ಸಾವಿರ ದಾಟಿತು. ರಾತ್ರಿ ಮಂಗಳೂರಿನಿಂದ ಚಿಕ್ಕಮ್ಮನ ಫೋನು.

“ಎಂತದಾ ಅದು ಭೂತನಗರಿ? ಅದು ನಮ್ಮ ಲೈನು ಮಾರಾಯ. ಎಡಗಡೆಯಿಂದ ಮೂರನೇದು ನಮ್ಮನೆ. ಹದಿನೆಂಟು ವರ್ಷ ಅಲ್ಲಿ ಸಂಸಾರ ಮಾಡಿದ ನಾವೆಂತ ಭೂತಗಳಾ?”

ನನಗೆ ಮಾತೇ ಹೊರಡಲಿಲ್ಲ. ಚಿಕ್ಕಪ್ಪ ಗಣಿಯಲ್ಲಿ ಕೆಲಸದಲ್ಲಿದ್ದದ್ದು ಗೊತ್ತಿತ್ತು, ಚಿಕ್ಕವನಿದ್ದಾಗ ಆ ಮನೆಗೆ ಹೋಗಿದ್ದೂ ಮಸುಕಾಗಿ ನೆನಪಿತ್ತು. ಆದರೂ ಅದರ ಮುಂದೆಯೇ ನಿಂತು ಫೋಟೋ ತೆಗೆದವನಿಗೆ ಗುರುತು ಹತ್ತಿರಲಿಲ್ಲ.

ನನ್ನೂರು ಹೊರನಾಡು, ಕೆಲಸ ಬೆಂಗಳೂರಿನಲ್ಲಿ. ರಜೆಗೆ ಊರಿಗೆ ಬಂದಾಗೆಲ್ಲ ಬೈಕ್ ಹತ್ತಿ ಖಾಲಿ ಕಟ್ಟಡ ಹುಡುಕಿಕೊಂಡು ಹೋಗೋದು ನನ್ನ ಹವ್ಯಾಸ. ಕಾಫಿ ಎಸ್ಟೇಟಿನ ಹಳೇ ಲೈನ್ ಮನೆ, ಮಾಡು ಕುಸಿದ ಶಾಲೆ, ಬಾಗಿಲಿಲ್ಲದ ಬಂಗಲೆ. ಹಾಸನದ ಹತ್ತಿರ ಹೇಮಾವತಿ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿ ಚರ್ಚಿಗೂ ನಾಲ್ಕು ಸಲ ಹೋಗಿದ್ದೇನೆ. ಈ ಹುಚ್ಚಿರುವವರಿಗೆ ಕುದುರೆಮುಖ ಅಂದ್ರೆ ತವರುಮನೆ ಇದ್ದ ಹಾಗೆ.

ಅಲ್ಲಿನ ಕಬ್ಬಿಣದ ಅದಿರಿಗಾಗಿ ಕೆಐಒಸಿಎಲ್ ಕಂಪನಿ ಹುಟ್ಟಿದ್ದು 1976ರಲ್ಲಿ. ಅದಿರು ಇರಾನಿಗೆ ಹೋಗಬೇಕು, ಯೋಜನೆಗೆ ಅಲ್ಲಿಂದಲೇ ಸಾಲ ಬರಬೇಕು ಅಂತ ಒಪ್ಪಂದ. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು. ಆದರೂ 1980ರಲ್ಲಿ ಸ್ಥಾವರ ಸಿದ್ಧವಾಯಿತು, ಬೇರೆ ದೇಶದವರು ಕೊಂಡರು. ಗುಡ್ಡ ಅಗೆದು, ಅದಿರು ಅರೆದು, ನೀರಿನಲ್ಲಿ ಕಲಸಿದ ರಾಡಿಯನ್ನು ಘಟ್ಟದ ಕೆಳಗೆ ಪಣಂಬೂರಿನವರೆಗೆ 67 ಕಿಲೋಮೀಟರ್ ಪೈಪಿನಲ್ಲಿ ಇಳಿಸುತ್ತಿದ್ದರು. ಉಳಿದ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ನಿಲ್ಲುತ್ತಿತ್ತು. ಕೆಲಸದವರಿಗಾಗಿ ಮಲ್ಲೇಶ್ವರ ಎಂಬಲ್ಲಿ ಒಂದು ಊರನ್ನೇ ಕಟ್ಟಿದರು. ಶಾಲೆ, ಆಸ್ಪತ್ರೆ, ಆಟದ ಮೈದಾನ ಎಲ್ಲ ಇದ್ದ ಊರು.

ಸುತ್ತ ರಾಷ್ಟ್ರೀಯ ಉದ್ಯಾನ, ಸಿಂಗಳೀಕಗಳ ಕಾಡು, ಪಕ್ಕದಲ್ಲೇ ಭದ್ರಾ ಹೊಳೆ. ಕೆ.ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಬೇಕೆಂದು ತೀರ್ಪು ಕೊಟ್ಟಿತು. 2005ರ ಡಿಸೆಂಬರ್ 31 ಕೊನೆಯ ದಿನ. ತೀರ್ಪು ಸರಿ ಅಂತಲೇ ನನ್ನ ಅಭಿಪ್ರಾಯ. ಭದ್ರೆಯ ನೀರು ಕುಡಿದು ಬೆಳೆದವನು ಬೇರೆ ಹೇಗೆ ಹೇಳಲಿ? ಆದರೆ ಆ ಮಾತನ್ನು ಚಿಕ್ಕಮ್ಮನ ಎದುರು ಇನ್ನೂ ಆಡಿಲ್ಲ.

ಫೋನ್ ಬಂದ ಮೇಲೆ ಪೋಸ್ಟ್ ಅಳಿಸಿದೆ. ಮೊದಲ ಸಲ ಯಾರನ್ನೂ ಕೇಳದೆ ನುಗ್ಗಿದ್ದೆ, ಅದು ತಪ್ಪು. ಈ ಸಲ ಸಂಬಂಧಪಟ್ಟವರಿಗೆ ಪತ್ರ ಬರೆದು, ಅನುಮತಿ ತಗೊಂಡು, ಡಿಸೆಂಬರಿನಲ್ಲಿ ಚಿಕ್ಕಮ್ಮನನ್ನೇ ಕರೆದುಕೊಂಡು ಹೋದೆ.

ಒಳಗೆ ಕಾಲಿಟ್ಟವರೇ ಅವರು ಎಡಗೈಯನ್ನು ಗೋಡೆಗೆ ಚಾಚಿದರು. ಅಲ್ಲಿ ಸ್ವಿಚ್ ಬೋರ್ಡ್ ಇತ್ತಂತೆ, ಈಗ ಬರೀ ತೂತು. “ನೋಡು, ಕೈಗೆ ಇನ್ನೂ ಮರ್ತಿಲ್ಲ” ಅಂದರು. ಆಮೇಲೆ ಮಾತೇ ಮಾತು. ಕ್ವಾರ್ಟರ್ಸಿನಲ್ಲಿ ಒಲೆ ಇಲ್ಲ, ಜೂನ್ ಬಂದರೆ ಬಟ್ಟೆ ಒಣಗೋದು ಹೇಗೆ? ಫ್ರಿಜ್ಜಿನ ಬೆನ್ನಿಗೆ ಹಗ್ಗ ಕಟ್ಟಿ ಮಕ್ಕಳ ಯೂನಿಫಾರ್ಮ್ ಒಣಗಿಸುತ್ತಿದ್ದರಂತೆ. ಪಕ್ಕದ ಮನೆಯವರು ಬಂಗಾಳದವರು, ಅದರಾಚೆ ಒಡಿಶಾದವರು. ಸಾಸಿವೆ ಎಣ್ಣೆಯ ಘಾಟಿಗೆ ಮೊದಲು ಮೂಗು ಮುಚ್ಚಿದವರು ಆಮೇಲೆ ಆ ಅಡುಗೆಯನ್ನೇ ಕಲಿತರಂತೆ. ಮಲಗುವ ಕೋಣೆಯ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆಗಳಿದ್ದವು. ನನ್ನ ತಮ್ಮನ ಎತ್ತರ, ವರ್ಷದ ಸಮೇತ. ಕೊನೆಯ ಗೆರೆ 2005. ಮೊದಲ ಸಲ ಇದೇ ಕೋಣೆಯ ಒಳಗೆ ನಿಂತು ಹನ್ನೆರಡು ಫೋಟೋ ತೆಗೆದಿದ್ದೆ. ಮನೆಗೆ ಬಂದು ಹುಡುಕಿದರೆ ಒಂದರಲ್ಲೂ ಆ ಗೆರೆ ಇಲ್ಲ. ಪಾಚಿ ಮಾತ್ರ ಚೆನ್ನಾಗಿ ಬಂದಿದೆ.

ಜಪಾನಿನಲ್ಲಿ ಹಾಶಿಮಾ ಅಂತ ಒಂದು ದ್ವೀಪವಿದೆ. 1974ರಲ್ಲಿ ಕಲ್ಲಿದ್ದಲು ಗಣಿ ಮುಚ್ಚಿದ ಮೇಲೆ ಎಲ್ಲರೂ ಬಿಟ್ಟುಹೋದರು, ಈಗ ಪ್ರವಾಸಿಗರು ಬೋಟಿನಲ್ಲಿ ಹೋಗಿ ನೋಡಿಬರುತ್ತಾರೆ. ಅದರ ಫೋಟೋಗಳನ್ನು ನೋಡಿಯೇ ನನಗೆ ಈ ಗೀಳು ಹತ್ತಿದ್ದು. ಈಗ ನೋಡುವಾಗ ಕಣ್ಣು ಬಾಗಿಲ ಚೌಕಟ್ಟಿನ ಕಡೆಗೇ ಹೋಗುತ್ತೆ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು, ಇದು ಹೆಚ್ಚು ಚುಚ್ಚುವಂಥದ್ದು. ಮೂಡಿಗೆರೆ ಕಡೆಯ ಒಂದು ಹಳೇ ತೊಟ್ಟಿಮನೆಯ ಫೋಟೋವನ್ನು ಮ್ಯಾಪ್ ಲೊಕೇಶನ್ ಸಮೇತ ಹಾಕಿದ್ದೆ. ಬೀಟೆ ಮರದ ಕಂಬಗಳು, ಕೆತ್ತನೆಯ ಬಾಗಿಲವಾಡ. ಎರಡು ತಿಂಗಳು ಬಿಟ್ಟು ಹೋದರೆ ಬಾಗಿಲವಾಡ ಇಲ್ಲ, ಎರಡು ಕಂಬವೂ ಇಲ್ಲ, ಆ ಭಾಗದ ಮಾಡು ನೆಲಕ್ಕೆ ಬಂದಿತ್ತು. ಹಳೇ ಮರಕ್ಕೆ ಒಳ್ಳೇ ಬೆಲೆ ಇದೆ. ಕದ್ದವರಿಗೆ ದಾರಿ ತೋರಿಸಿದ್ದು ನನ್ನ ಪೋಸ್ಟೇ ಅಂತ ಸಾಬೀತೇನೂ ಆಗಿಲ್ಲ. ಆದರೂ ಅವತ್ತಿನಿಂದ ಊರಿನ ಹೆಸರು ಹಾಕೋದು ಬಿಟ್ಟೆ. ನಿಮಗೂ ಈ ಹವ್ಯಾಸವಿದ್ದರೆ ಮೊದಲು ಮೊಬೈಲ್ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿ. ನೀವು ಬರೆಯದಿದ್ದರೂ ಫೋಟೋದೊಳಗೆ ಅದು ಕೂತಿರುತ್ತೆ.

ಬೀಗ ಬಿದ್ದ ಮಾತ್ರಕ್ಕೆ ಮನೆಗೆ ಯಜಮಾನರಿಲ್ಲ ಅಂತಲ್ಲ. ಪಕ್ಕದ ಮನೆಯವರನ್ನು ಕೇಳಿ, ಹೆಚ್ಚಾಗಿ ಬೀಗದ ಕೈ ಅವರ ಹತ್ತಿರವೇ ಇರುತ್ತೆ. ಗೆದ್ದಲು ತಿಂದ ಅಟ್ಟ ಹತ್ತಬೇಡಿ. ಮಳೆಗಾಲದಲ್ಲಿ ಇಂಬಳಕ್ಕೆ ಉಪ್ಪು ಇಟ್ಕೊಳ್ಳಿ. ಬಿದ್ದ ಹೆಂಚು ಸಿಕ್ಕರೆ ತಿರುಗಿಸಿ ನೋಡಿ, ಕಾರ್ಖಾನೆಯ ಹೆಸರು ಅಚ್ಚಾಗಿರುತ್ತೆ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅವರ ಹೆಂಚು ಘಟ್ಟದ ಮೇಲಿನ ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಫೋಟೋ ತೆಗೆದು ಅಲ್ಲೇ ಇಟ್ಟು ಬನ್ನಿ.

ಹೊಸ ಖಾಲಿ ಮನೆಗಳಿಗೆ ನಮ್ಮ ಕಡೆ ಬರವಿಲ್ಲ. ಅಡಿಕೆಗೆ ಹಳದಿ ಎಲೆ ರೋಗ ಹಳೇದು, ಈಗ ಎಲೆಚುಕ್ಕಿ ಬೇರೆ. ಕಳಸದ ಸುತ್ತ ತೋಟ ಸೋತ ಮನೆಗಳ ಮಕ್ಕಳೆಲ್ಲ ನನ್ನ ಹಾಗೆ ಬೆಂಗಳೂರು ಸೇರಿದ್ದಾರೆ. ನಮ್ಮನೆಯಲ್ಲೂ ಈಗ ಅಪ್ಪ ಅಮ್ಮ ಇಬ್ಬರೇ.

ಕಳೆದ ಸಲ ಹೋದಾಗ ಕುದುರೆಮುಖದ ಹೊಸ ಫೋಟೋಗಳನ್ನು ಅಪ್ಪನಿಗೆ ತೋರಿಸಿದೆ. ಒಂದೊಂದಾಗಿ ನೋಡಿ ಮೊಬೈಲ್ ವಾಪಸ್ ಕೊಟ್ಟು, “ನಮ್ಮನೇದೂ ತೆಗಿ. ಈಗ್ಲೇ ತೆಗಿ, ಒಲೆ ಉರೀವಾಗ” ಅಂದರು. ಅಡುಗೆಮನೆಗೆ ಹೋದೆ. ಹೊಗೆಗೆ ಫೋಕಸ್ ಸರಿಯಾಗಿ ಬರಲಿಲ್ಲ. ಸೀರೆ ಬದಲಾಯಿಸೋಕೂ ಬಿಡಲಿಲ್ಲ ಅಂತ ಅಮ್ಮ ರಾತ್ರಿಯವರೆಗೂ ಬೈದರು.